ಲೇಬಲ್ ಪ್ರಿಂಟರಿಗೂ ಸಿಗುವ ವೈಫೈ

"ನೀವು ಹೊಸ ವೈಫೈ ಹಾಕಿದ್ದೇ ಹಾಕಿದ್ದು, ನನ್ನ ಪ್ರಿಂಟರ್ ಮೂಗನ ಥರ ಕೂತಿದೆ ರೀ!"

ಮೂರು ದಿನದ ಹಿಂದೆ ಫೋನಿನಲ್ಲಿ ಹೀಗೆ ರೇಗಿದ್ದವಳಿಗೆ, ಇವತ್ತು ಆತ ಎದುರಿಗೆ ಬಂದು ನಿಂತಾಗ ರೇಗುವಷ್ಟು ತ್ರಾಣವೂ ಉಳಿದಿರಲಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಪ್ರತಿ ಟ್ಯೂಬಿನ ಮೇಲೂ ಹೆಸರು, ವಯಸ್ಸು, ನಂಬರು. ಮೂರು ದಿನದಿಂದ ಎಲ್ಲವನ್ನೂ ಕೈಯಲ್ಲೇ ಬರೆದು ಬೆರಳು ಜೋಮು ಹಿಡಿದಿತ್ತು.

ಆತ ನೆಟ್‌ವರ್ಕ್ ಕೆಲಸದವನು. ಏನು ಕೇಳಿದರೂ ಪಾಠ ಶುರು ಮಾಡುವುದರಿಂದ ಲ್ಯಾಬಿನವರ ಬಾಯಲ್ಲಿ ಮೇಷ್ಟ್ರು. ಒಂದು ತಿಂಗಳಿನಿಂದ ವೈರು ಎಳೆಯಲು ಬರುತ್ತಿದ್ದ. ಇವತ್ತಿಗೆ ಕೆಲಸ ಮುಗಿಯುತ್ತದೆ, ನಾಳೆಯಿಂದ ಬರುವುದಿಲ್ಲ. ಅದನ್ನು ನೆನೆದರೆ ಅವಳಿಗೆ ಇನ್ನಷ್ಟು ದಣಿವು.

"ತಪ್ಪು ನಂದೇ ಮೇಡಂ. ವೇಗ ನೋಡಿ ಮರುಳಾದೆ. ನಾನು ಹಾಕಿದ್ದು ಲ್ಯಾಬಿನ ಹೊಸ ಟ್ಯಾಬ್‌ಗಳಿಗೆ ಮಾತ್ರ ಸರಿ. ನಿಮ್ಮ ಪ್ರಿಂಟರಿಗೆ ಹಳೇ ವೈಫೈ ಬಿಟ್ರೆ ಬೇರೆ ಗೊತ್ತಿಲ್ಲ. ಮೊದಲೇ ನಿಮ್ಮನ್ನ ಕೇಳ್ಬೇಕಿತ್ತು."

"ನನ್ನನ್ನ ಯಾರು ಏನು ಕೇಳ್ತಾರೆ, ಬಿಡಿ."

ಮಾತು ಬಾಯಿ ಜಾರಿತು. ಮನೆಯಲ್ಲೂ ಅದೇ ಕಥೆ. ತಂಗಿಯ ಮದುವೆ, ತಮ್ಮನ ಓದು, ಅಮ್ಮನ ಮಂಡಿನೋವು. ಎಲ್ಲಕ್ಕೂ ಹೆಗಲು ಕೊಟ್ಟು ತಲೆಯೆತ್ತಿ ನೋಡುವಷ್ಟರಲ್ಲಿ ನಲವತ್ತು ಬಂದು ಕೂತಿತ್ತು.

ಆತ ಎರಡು ವೈಫೈ ಬಾಕ್ಸುಗಳನ್ನು ಮೇಜಿನ ಮೇಲಿಟ್ಟ. "ಈ ಸಲ ನೀವೇ ಆರಿಸಿ."

"ಅಯ್ಯೋ, ನಂಗೇನ್ರೀ ಗೊತ್ತಾಗುತ್ತೆ?"

"ಇದಕ್ಕೆ ವೇಗ ಜಾಸ್ತಿ, ಆದ್ರೆ ನಿಮ್ಮ ಪ್ರಿಂಟರನ್ನ ಗುಜರಿಗೆ ಹಾಕ್ಬೇಕು. ಈ ಎರಡನೇದು ಒಂಚೂರು ನಿಧಾನ. ಆದ್ರೆ ವೈಫೈನ ನಾಲ್ಕು, ಐದು, ಆರನೇ ತಲೆಮಾರು ಮೂರೂ ನಡೆಯುತ್ತೆ. ಹಳೇದೂ ಇರುತ್ತೆ, ಹೊಸದೂ ಇರುತ್ತೆ."

"ಪಾಠ ಮುಗೀತಾ ಮೇಷ್ಟ್ರೇ?"

"ಪರೀಕ್ಷೆ ಬಾಕಿ."

ನಗು ತುಟಿಯಂಚಿಗೆ ಬಂದು ನಿಂತಿತು. ಅವಳು ಎರಡನೆಯ ಬಾಕ್ಸಿನ ಮೇಲೆ ಬೆರಳಿಟ್ಟಳು. ಅವನ ನೋಟ ಬಾಕ್ಸನ್ನು ಬಿಟ್ಟು ಬೆರಳಿನ ಶಾಯಿಯ ಕಲೆಯ ಮೇಲೆ ನಿಂತುಬಿಟ್ಟಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಏಣಿ ಹತ್ತಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ ಇಳಿದ. ಪ್ರಿಂಟರು ಕಿರ್ರೆಂದು ಒಂದು ಲೇಬಲ್ಲನ್ನು ಹೊರಹಾಕಿತು. ಸಂತೋಷವಾಗಬೇಕಿತ್ತು, ಅವಳ ಎದೆ ಭಾರವಾಯಿತು.

"ಏನಾದ್ರೂ ಕೆಟ್ರೆ ಫೋನ್ ಮಾಡಿ ಮೇಡಂ, ಓಡಿ ಬರ್ತೀನಿ."

"ಕೆಡದಿದ್ರೆ?"

ಏಣಿ ಮಡಚುತ್ತಿದ್ದ ಕೈ ಅಲ್ಲೇ ನಿಂತಿತು. "ಕೆಡದಿದ್ರೆ ನೆಪ ಹುಡುಕ್ತೀನಿ. ವೈರಿಂಗು ಒಂದು ವಾರದ ಕೆಲಸ ಮೇಡಂ. ತಿಂಗಳು ಎಳೆದಿದೀನಿ."

ಅವಳಿಗೆ ಕಣ್ಣು ತುಂಬಿ ಬಂತು.

"ನೆಪ ಎಲ್ಲಾ ಸಾಕು ರೀ, ನಂಗೆ ಸುಸ್ತಾಗಿದೆ. ನನ್ನನ್ನ ನೋಡೋಕೆ ಅಂತ್ಲೇ ಬನ್ನಿ. ಭಾನುವಾರ, ಮನೆಗೆ. ಅಮ್ಮ ನೂರೆಂಟು ಪ್ರಶ್ನೆ ಹಾಕ್ತಾರೆ, ಪಾಠ ಮಾಡ್ಬೇಡಿ ಮತ್ತೆ."

"ಇಲ್ಲ. ಅವರಿಗೆ ಒಂದೇ ಮಾತು ಹೇಳ್ತೀನಿ. ನಿಮ್ಮ ಮಗಳು ಅಂದ್ರೆ ನಂಗೆ ಪ್ರಾಣ ಅಂತ."

ಅವಳು ಕುರ್ಚಿ ಎಳೆದುಕೊಂಡು ಕೂತಳು, ಬೆಳಗಿನಿಂದ ಇದೇ ಮೊದಲು. ಆತ ಏಣಿಯನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತ.