ಲೋಟದ ತಳ ಸೇರಿದ ನಾಣ್ಯ

ಫ್ರೀಜರ್ ಓಡುತ್ತಿತ್ತು. ಒಳಗಿದ್ದ ರಕ್ತದ ಕೊಳವೆಗಳೆಲ್ಲ ಹೆಪ್ಪುಗಟ್ಟಿಯೇ ಇದ್ದವು. ಆದರೂ ಸೋಮವಾರ ಬೆಳಿಗ್ಗೆ ಪ್ರೊಫೆಸರ್ ಕುಮುದಾ ಸಾಗರದ ಠಾಣೆಗೆ ಫೋನ್ ಮಾಡಿ, ತಮ್ಮ ಮೂರು ವರ್ಷದ ಕೆಲಸವನ್ನು ಯಾರೋ ಹಾಳು ಮಾಡಿದ್ದಾರೆ ಎಂದರು.

ಸಬ್ ಇನ್‌ಸ್ಪೆಕ್ಟರ್ ತೃಪ್ತಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಕುಮುದಾ ಫ್ರೀಜರಿನಿಂದ ಒಂದು ಗಾಜಿನ ಲೋಟ ತೆಗೆದು ತೋರಿಸಿದರು. ಮಂಜುಗಡ್ಡೆಯ ತಳದಲ್ಲಿ ಒಂದು ರೂಪಾಯಿ ನಾಣ್ಯ.

"ಕರೆಂಟ್ ಹೋದ್ರೆ ಗೊತ್ತಾಗ್ಲಿ ಅಂತ ಶುಕ್ರವಾರ ಇದನ್ನ ಗಡ್ಡೆ ಮೇಲೆ ಇಟ್ಟಿದ್ದೆ. ಯಾರಿಗೂ ಹೇಳಿರ್ಲಿಲ್ಲ."

ಗಡ್ಡೆ ಕರಗದೆ ನಾಣ್ಯ ತಳಕ್ಕೆ ಇಳಿಯುವುದಿಲ್ಲ. ಕರೆಂಟೂ ಹೋಗಿರಲಿಲ್ಲ. ಯಾರೋ ಪ್ಲಗ್ ಕಿತ್ತು, ಎಲ್ಲ ಕರಗಿದ ಮೇಲೆ ಮತ್ತೆ ಹಾಕಿದ್ದರು.

ಬಸುರಿಯರಿಗೆ ರಕ್ತದೊತ್ತಡ ಏರುವ ಮೊದಲೇ ರಕ್ತದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂಬುದು ಕುಮುದಾ ಅವರ ಸಂಶೋಧನೆ. ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನ ಇನ್ನೂರು ಹೆಂಗಸರ ರಕ್ತ ಮಂಗಳವಾರ ಬೆಂಗಳೂರಿನ ಲ್ಯಾಬಿಗೆ ಹೋಗಬೇಕಿತ್ತು. ಫ್ರೀಜರ್ ಇದ್ದ ಕೋಣೆಯ ಕೀಲಿ ಇನ್ನಿಬ್ಬರ ಬಳಿಯೂ ಇತ್ತು: ಅಟೆಂಡರ್ ದುರ್ಗೇಶ್ ಮತ್ತು ಹಳ್ಳಿಹಳ್ಳಿ ತಿರುಗಿ ಬಿ.ಪಿ. ನೋಡಿ ರಕ್ತ ತರುವ ಸಹಾಯಕ ಶ್ರೀಕರ.

*

ಅನುಮಾನ ಮೊದಲು ದುರ್ಗೇಶನ ಮೇಲೆ ಬಿತ್ತು. ರಜೆ ಕೊಡಲಿಲ್ಲವೆಂದು ಶುಕ್ರವಾರ ಅವನು ಕೂಗಾಡಿದ್ದ. ಭಾನುವಾರ ಕೋಣೆಗೂ ಬಂದಿದ್ದ. ಕಸ ಗುಡಿಸಲು ಬಂದಿದ್ದೆ ಎಂದ. ಸಿಟ್ಟಿದ್ದದ್ದನ್ನೂ ಒಪ್ಪಿಕೊಂಡ.

"ಆದ್ರೆ ಮೇಡಂ, ಸಿಟ್ಟಲ್ಲಿ ಪ್ಲಗ್ ಕಿತ್ತವ್ನು ಮತ್ಯಾಕೆ ಹಾಕ್ತಾನೆ?"

ಆ ಮಾತು ತೃಪ್ತಿಯನ್ನು ಬಿಡಲಿಲ್ಲ. ಮತ್ತೆ ಹಾಕಿದವನಿಗೆ ಹಾಳಾದದ್ದು ಯಾರಿಗೂ ತಿಳಿಯಬಾರದಿತ್ತು. ಕೆಟ್ಟ ರಕ್ತವೇ ಲ್ಯಾಬಿಗೆ ಹೋಗಬೇಕಿತ್ತು. ಹಾಗಾದರೆ ಕೆಡದ ರಕ್ತ ಏನನ್ನು ಬಯಲು ಮಾಡುತ್ತಿತ್ತು?

ಕರಗಿದ ರಕ್ತದಲ್ಲಿ ಇನ್ನೇನಾದರೂ ಉಳಿದಿರುತ್ತದೆಯೇ ಎಂದು ಕೇಳಿದಳು. ತಮಗೆ ಬೇಕಾದದ್ದು ಉಳಿದಿರಲಾರದು, ಬಸುರಿನ ಹಾರ್ಮೋನು ಮಾತ್ರ ಅಷ್ಟು ಬೇಗ ಕೆಡುವುದಿಲ್ಲ ಎಂದರು ಕುಮುದಾ. ಹೇಳಿ ಮುಗಿಸುವಷ್ಟರಲ್ಲಿ ಇಬ್ಬರಿಗೂ ಒಂದೇ ಯೋಚನೆ ಬಂತು. ಮೆಡಿಕಲ್ ಶಾಪಿನಿಂದ ಪ್ರೆಗ್ನೆನ್ಸಿ ಕಿಟ್‌ಗಳನ್ನು ತರಿಸಿದರು.

ಹೊಸನಗರದ ಕೊಳವೆಗಳಿಗೆಲ್ಲ ಎರಡೆರಡು ಗೆರೆ ಮೂಡಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕಡೆಯ ಹನ್ನೆರಡಕ್ಕೂ ಒಂದೇ ಗೆರೆ.

"ಇದು ಬಸುರಿಯರ ರಕ್ತವೇ ಅಲ್ಲ," ಎಂದರು ಕುಮುದಾ ಮೆಲ್ಲಗೆ.

*

ಶ್ರೀಕರ ಹೆಚ್ಚು ಹೊತ್ತು ವಾದಿಸಲಿಲ್ಲ. ಕವಲೇದುರ್ಗದ ದಾರಿ ದೂರವೆಂದು ಒಂದು ವಾರ ತಪ್ಪಿಸಿದ್ದ. ಆಮೇಲೆ ಹೋಗಲೇ ಇಲ್ಲ. ಬಿ.ಪಿ.ಯನ್ನು ಕೂತಲ್ಲೇ ಬರೆದ, ಕೊಳವೆಗಳಿಗೆ ತನ್ನದೇ ರಕ್ತ ತುಂಬಿದ. ಲ್ಯಾಬಿನವರಿಗೆ ಗೊತ್ತಾಗುತ್ತದೆಂಬ ಭಯಕ್ಕೆ ಶನಿವಾರ ಪ್ಲಗ್ ಕಿತ್ತು ಭಾನುವಾರ ಸಂಜೆ ಮತ್ತೆ ಹಾಕಿದ್ದ.

ಕುಮುದಾ ಅವನನ್ನು ಬೈಯಲಿಲ್ಲ. ಪಟ್ಟಿಯ ಮೇಲೆ ಬೆರಳಾಡಿಸಿ, ಆ ಹನ್ನೆರಡರಲ್ಲಿ ಇನ್ನೂ ಹೆರಿಗೆಯಾಗದವರನ್ನು ಹುಡುಕಿದರು. ಒಬ್ಬಳೇ ಇದ್ದಳು. ಮಂಜುಶ್ರೀ, ಎಂಟು ತಿಂಗಳು. ಬಿ.ಪಿ. 118/76.

"ಇವ್ರನ್ನ ನೋಡಿದ್ಯಾ ನೀನು?"

"ಇಲ್ಲ ಮೇಡಂ."

ಜೀಪು ಕವಲೇದುರ್ಗದ ಕೋಟೆಯ ಬುಡದ ಆ ಮನೆ ಮುಟ್ಟಿದಾಗ ಮಂಜುಶ್ರೀ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದಳು. ಕಾಲು ಊದಿತ್ತು. ಎರಡು ದಿನದಿಂದ ಕಣ್ಣು ಮಂಜಾಗುತ್ತಿದೆ ಎಂದಳು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲವೆಂದು ತೃಪ್ತಿ ಕೇಳಿದಳು.

"ಹೆಸರು ಬರ್ಕೊಳ್ಳುವಾಗ ಆಸ್ಪತ್ರೆಯೋರು, ನಿಮ್ಮೋರು ಮನೆಗೇ ಬಂದು ನೋಡ್ತಾರೆ ಅಂದಿದ್ರಲ್ಲ. ಕಾಯ್ತಾ ಇದ್ದೆ."

ಕುಮುದಾ ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. 170/112.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಸಂಜೆಯೊಳಗೆ ಸಿಸೇರಿಯನ್ ಆಯಿತು. ಹೆಣ್ಣುಮಗು, ಎರಡು ಕಿಲೋ ಸಹ ಇರಲಿಲ್ಲ, ಆದರೆ ಗಟ್ಟಿಯಾಗಿ ಅತ್ತಿತು. ಹೊರಗೆ ಬೆಂಚಿನ ಮೇಲೆ ಕೂತು ಕುಮುದಾ ಬಿ.ಪಿ. ಬರೆದಿಡುವ ಪುಸ್ತಕ ಬಿಚ್ಚಿದರು. ಹನ್ನೆರಡು ಸಾಲುಗಳನ್ನು ಹೊಡೆದುಹಾಕಿ, ಕೆಳಗೆ ಒಂದೇ ಸಾಲು ಬರೆದರು: ಮಂಜುಶ್ರೀ, 170/112, ನಾನೇ ನೋಡಿದ್ದು.