ಟಾರ್ಬೆಲ್ ಕೌಂಟಿಯ ಹನ್ನೊಂದು ಹಾಳೆ

ಅರ್ಜಿಯ ಏಳನೆಯ ಪ್ರಶ್ನೆಗೆ ಬಂದಾಗ ವರ್ಲಿನ್ ಹ್ಯಾಸ್ಕೆಟ್‌ನ ಪೆನ್ನು ನಿಂತುಹೋಯಿತು. ಹದಿನೆಂಟು ತುಂಬಿದ ಮೇಲೆ ತಾವು ವಾಸವಾಗಿದ್ದ ಎಲ್ಲ ಕೌಂಟಿಗಳ ಹೆಸರು ಬರೆಯಿರಿ, ಎಂದು ಅದು ಕೇಳಿತ್ತು. ವೆಲ್ಲರ್ ಕೌಂಟಿಯ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಇಪ್ಪತ್ತೆರಡು ವರ್ಷ ಬಿಟ್ಟಿ ದುಡಿದವನಿಗೆ ಕೇಳುವ ಪ್ರಶ್ನೆಯೇ ಇದು? ಊಟದ ತಟ್ಟೆ ಬಿಟ್ಟು ಓಡಿದ್ದಾನೆ, ಮಗಳ ಮದುವೆಯ ಮಂಟಪ ಬಿಟ್ಟು ಓಡಿದ್ದಾನೆ. ಹಳೆಯ ಮುಖ್ಯಸ್ಥ ಮಂಡಿನೋವೆಂದು ಬಿಳಿ ಹೆಲ್ಮೆಟ್ ಕಳಚಿಟ್ಟ ದಿನ ಎಲ್ಲರ ಕಣ್ಣೂ ತಿರುಗಿದ್ದು ವರ್ಲಿನ್ ಕಡೆಗೇ. ಈಗ ಆ ಹೆಲ್ಮೆಟ್‌ಗೂ ಅವನ ತಲೆಗೂ ನಡುವೆ ಈ ಒಂದು ಗೆರೆ ಅಡ್ಡ ಬಿದ್ದಿತ್ತು.

ಒಂದು ಕೌಂಟಿಯ ಹೆಸರು ಬಿಟ್ಟು ಬರೆದರಾಯಿತು ಎನ್ನುವಂತಿರಲಿಲ್ಲ. ಹೆಂಡತಿ ನಡೀನಳ ತಮ್ಮ ಡಾಯ್ಲ್ ಅದೇ ಹುದ್ದೆಗೆ ಅರ್ಜಿ ಹಾಕಿದ್ದ. ಭಾನುವಾರದ ತಿಂಡಿಗೆ ದಳದವರೆಲ್ಲ ಸೇರಿದ್ದಾಗ, ಬಿಸ್ಕೆಟ್ ಎಂಬ ಮೆದು ಬನ್ನಿನ ಮೇಲೆ ಬಿಳಿ ಗ್ರೇವಿ ಸುರಿದುಕೊಳ್ಳುತ್ತಲೇ ಅವನು ಕೊಕ್ಕೆ ಹಾಕಿದ.

"ಭಾವ, ಟಾರ್ಬೆಲ್ ಬರೆಯೋದ್ ಮರೀಬೇಡಿ ಮತ್ತೆ. ಅಲ್ಲಿ ಹುಲ್ಲು ಹೊತ್ತ ಕತೇನ ನೀವೇ ನೂರ್ ಸಲ ಕೊರೆದಿದೀರಿ."

"ಮರೆಯೋಕೆ ನಂಗೇನ್ ನಿನ್ನಷ್ಟು ವಯಸ್ಸಾಗಿಲ್ಲಪ್ಪ," ಎಂದ ವರ್ಲಿನ್. ಎಲ್ಲರೂ ನಕ್ಕರು. ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

ಹುಲ್ಲು ಹೊತ್ತ ಕತೆಯಲ್ಲಿ ಅವನು ಯಾರಿಗೂ ಹೇಳದ ಅರ್ಧವೊಂದಿತ್ತು. ನಲವತ್ತು ವರ್ಷದ ಹಿಂದೆ, ಹತ್ತೊಂಬತ್ತರ ಬಿಸಿರಕ್ತದಲ್ಲಿ, ಕೆಲಸದಿಂದ ಕತ್ತು ಹಿಡಿದು ತಳ್ಳಿದ ಯಜಮಾನನ ಹುಲ್ಲಿನ ಕೊಟ್ಟಿಗೆಗೆ ಅವನು ಬೆಂಕಿ ಇಟ್ಟಿದ್ದ. ಒಳಗೆ ಎರಡು ಹೇಸರಗತ್ತೆಗಳಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಆ ಕೂಗು ಅವನ ಕಿವಿಯಿಂದ ಇನ್ನೂ ಹೋಗಿಲ್ಲ. ದಳಕ್ಕೆ ಸೇರಿದ್ದೂ ಅದಕ್ಕೇ ಎಂದು ಅವನಿಗೇ ಕೆಲವೊಮ್ಮೆ ಅನ್ನಿಸುತ್ತಿತ್ತು. ಅಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಮುದುಕ ನ್ಯಾಯಾಧೀಶ ಜೈಲಿಗೆ ಕಳಿಸದೆ, ಐದು ವರ್ಷ ಯಾವ ತಂಟೆಗೂ ಹೋಗಬೇಡ, ಎಂದು ಬೈದು ಬಿಟ್ಟ. ಹೋಗಲಿಲ್ಲ. ಇದು ನಡೀನಳಿಗೆ ಗೊತ್ತಿಲ್ಲ. ಬೆಂಕಿ ಇಟ್ಟವನೇ ಬೆಂಕಿ ಆರಿಸುವವರ ಯಜಮಾನನಾಗಲು ಹೊರಟಿದ್ದಾನೆಂದು ತಿಳಿದರೆ ಹೆಲ್ಮೆಟ್ ಹೋಗಲಿ, ಮೂವತ್ತೊಂದು ವರ್ಷ ಪಕ್ಕದಲ್ಲಿ ಮಲಗಿದವಳು ಅವನನ್ನು ಹೇಗೆ ನೋಡಿಯಾಳು?

ಅವನು ಟಾರ್ಬೆಲ್ ಎಂದು ದುಂಡಗೆ ಬರೆದ. ಆಮೇಲೆ ಯೋಚಿಸಲು ಕೂತ.

ದಳದ ಮಂಡಳಿಯ ಕಾರ್ಯದರ್ಶಿ ಟ್ವೈಲಾ ಜೆಂಟ್ರಿ ಮಾತಿನ ಮಲ್ಲಿ. ಕೇಳದೆಯೇ ಎಲ್ಲವನ್ನೂ ಬಿಚ್ಚಿಟ್ಟಳು. "ನಾನೇನ್ ಪೊಲೀಸಾ? ಒಂದೊಂದ್ ಕೌಂಟಿಗೂ ಒಂದೊಂದ್ ಕಾಗದ ಹಾಕ್ತೀನಿ. ಅಲ್ಲಿ ಕೋರ್ಟಿನ ಕ್ಲರ್ಕು ಹೆಸರು ಹುಡುಕಿ, ಇದೆ ಅಥವಾ ಇಲ್ಲ ಅಂತ ಬರೆದು ಮೊಹರು ಒತ್ತಿ ಕಳಿಸ್ತಾರೆ. ಈಸ್ಟರ್ ಆದ್ಮೇಲೆ ಕಳಿಸ್ತೀನಿ, ಈಗ ನಂಗೆಲ್ಲಿ ಪುರುಸೊತ್ತು."

ಈಸ್ಟರ್‌ಗೆ ಇನ್ನೂ ಮೂರು ವಾರವಿತ್ತು. ಕ್ಲರ್ಕು 'ಇಲ್ಲ' ಎಂದು ಬರೆಯಬೇಕಾದರೆ ಅಲ್ಲಿ ಏನೂ ಇರಬಾರದು, ಅಷ್ಟೇ. ವರ್ಲಿನ್‌ಗೆ ವಿಷಯ ಇಷ್ಟು ಸರಳವಾಗಿ ಕಂಡಿತು.

ಮೊದಲ ಸಲ ಹೋದದ್ದು ಬರೀ ನೋಡಲು. ಎರಡು ಗಂಟೆಯ ದಾರಿ. ನಡೀನಳಿಗೆ, ಹಳೇ ಪಂಪಿನ ಬಿಡಿಭಾಗ ಹುಡುಕಲು ಹೋಗುತ್ತೇನೆ ಎಂದ. ಟಾರ್ಬೆಲ್‌ನ ಕೋರ್ಟು ಕಟ್ಟಡ ಕೆಂಪು ಇಟ್ಟಿಗೆಯದು. ಒಳಗೆ ಕ್ಲರ್ಕಿನ ಕಚೇರಿ, ಅದರ ಹೊರಗಿನ ಓಣಿಯಲ್ಲಿ ಓಕ್ ಮರದ ಉದ್ದನೆಯ ಬೀರು. ಅದರ ಪುಟ್ಟ ಪುಟ್ಟ ಡ್ರಾಯರುಗಳ ತುಂಬ, ತೊಂಬತ್ತೊಂದನೆಯ ಇಸವಿಗಿಂತ ಹಿಂದಿನ ಆರೋಪಿಗಳ ಹೆಸರಿನ ಕಾರ್ಡುಗಳು. ಆಮೇಲಿನದು ಕಂಪ್ಯೂಟರಿನಲ್ಲಿ. ಕಾರ್ಡಿನಲ್ಲಿ ಹೆಸರು, ಕೇಸಿನ ನಂಬರು, ಇಷ್ಟೇ. ನಂಬರನ್ನು ಚೀಟಿಯಲ್ಲಿ ಬರೆದು ಕಿಟಕಿಯಲ್ಲಿ ಕೊಟ್ಟರೆ ಕ್ಲರ್ಕು ನೆಲಮಾಳಿಗೆಗೆ ಇಳಿದು ಕಡತ ತರುತ್ತಾಳೆ. ಯಾರು ಬೇಕಾದರೂ ಕೇಳಬಹುದು. ಏಕೆ ಎಂದು ಕೇಳುವವರಿಲ್ಲ, ಗುರುತಿನ ಚೀಟಿ ಬೇಡ. ವಂಶದ ಮೂಲ ಹುಡುಕುವ ಇಬ್ಬರು ಮುದುಕಿಯರು ಅಲ್ಲಿ ಯಾರದೋ ಮುತ್ತಜ್ಜನ ಕಳ್ಳಭಟ್ಟಿ ಕೇಸು ಓದಿ ಸಂಭ್ರಮಿಸುತ್ತಿದ್ದರು.

ವರ್ಲಿನ್ 'ಹ' ಡ್ರಾಯರು ಎಳೆದ. ಅವನ ಹೆಸರು ಅಲ್ಲಿತ್ತು, ಹಳದಿಗಟ್ಟಿ, ಟೈಪು ಯಂತ್ರದ ಅಕ್ಷರದಲ್ಲಿ. ನಂಬರು ನೂರ ಹದಿನೇಳು. ಕಾರ್ಡುಗಳ ಕೆಳಗಿನ ತೂತಿನೊಳಗೆ ಒಂದು ಹಿತ್ತಾಳೆ ಸಲಾಕೆ ಹಾದುಹೋಗಿತ್ತು, ಅದರ ತುದಿಯಲ್ಲಿ ತಿರುಪಿನ ಗುಂಡಿ. ಕಾರ್ಡನ್ನು ಕಿತ್ತರೆ ಹರಿದ ತುಂಡು ಉಳಿಯುತ್ತದೆ. ಗುಂಡಿ ತಿರುಗಿಸಿ ಸಲಾಕೆ ಎಳೆದರೆ ಉಳಿಯುವುದಿಲ್ಲ. ಅವನು ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿ ಕಿಟಕಿಯ ಬಳಿ ಕೂತು ಇತರರು ಕಡತ ಕೇಳುವುದನ್ನು ನೋಡಿದ. ಆಗ ಕಂಡದ್ದು ಅವನ ಪಾಲಿನ ಬಂಗಾರ. ಹಳೆಯ ಕಡತಗಳು ತೆಳ್ಳಗಿದ್ದುದರಿಂದ ಕ್ಲರ್ಕು ಒಂದೊಂದನ್ನೇ ಆರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಹದಿನೈದಿಪ್ಪತ್ತು ಕೇಸುಗಳಿದ್ದ ಇಡೀ ಪೆಟ್ಟಿಗೆಯನ್ನೇ ತಂದು ಮೇಜಿನ ಮೇಲೆ ಇಡುತ್ತಿದ್ದಳು.

ಅಂದರೆ ನೂರ ಹದಿನೇಳನ್ನು ಕೇಳಬೇಕಾಗಿಯೇ ಇಲ್ಲ. ಅದೇ ಪೆಟ್ಟಿಗೆಯ ನೂರ ಹದಿನಾಲ್ಕನ್ನು, ಆಗಷ್ಟೇ ಯಾರೋ ಜೋರಾಗಿ ಓದಿ ನಕ್ಕ ಹಂದಿ ಕಳ್ಳತನದ ಕೇಸನ್ನು, ಕೇಳಿದರೆ ಸಾಕು. ಯಾವ ಚೀಟಿಯಲ್ಲೂ ತನ್ನ ನಂಬರು ಬೀಳುವುದಿಲ್ಲ. ಮನೆಗೆ ಮರಳುವಾಗ ವರ್ಲಿನ್ ಕಾರಿನೊಳಗೆ ಸಿಳ್ಳೆ ಹಾಕಿದ.

ಎರಡನೆಯ ಸಲ ಹೋದದ್ದು ಬುಧವಾರ, ಹನ್ನೆರಡೂಕಾಲಕ್ಕೆ. ಕ್ಲರ್ಕು ಓರ್ಲೆಟಾ ಪೀಕ್ ಆ ಹೊತ್ತಿನಲ್ಲಿ ಒಬ್ಬಳೇ ಇರುತ್ತಾಳೆ, ಮೇಜಿನಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಾಳೆ. ಅವನು ಹಳೆಯ ಟೋಪಿ, ಓದುವ ಕನ್ನಡಕ, ಸಡಿಲ ಅಂಗಿ ಹಾಕಿದ್ದ. ಮೊದಲು ಓಣಿಯಲ್ಲಿ ಕಾರ್ಡು. ಗುಂಡಿ ಬಿಗಿಯಾಗಿತ್ತು. ಬೆರಳು ಬೆವರಿ ಜಾರಿತು. ಹಿಂದೆ ಯಾರದೋ ಹೆಜ್ಜೆ ಕೇಳಿತು, ಹತ್ತಿರ ಬಂತು, ಹಾದು ಹೋಯಿತು. ಅಂಗಿಯ ತುದಿಯಿಂದ ಹಿಡಿದು ಮತ್ತೆ ತಿರುಗಿಸಿದ. ಸಡಿಲವಾಯಿತು. ಕಾರ್ಡನ್ನು ಜೇಬಿಗೆ ಇಳಿಸಿ, ಸಲಾಕೆಯನ್ನು ಮತ್ತೆ ತೂರಿಸಿ ಗುಂಡಿ ಬಿಗಿದ.

ಚೀಟಿಯಲ್ಲಿ ನೂರ ಹದಿನಾಲ್ಕು ಎಂದು ಬರೆದು, ಕೇಳುವವನ ಜಾಗದಲ್ಲಿ ಲೆಸ್ಟರ್ ಡೋನ್ ಎಂದು ಯಾರದೂ ಅಲ್ಲದ ಹೆಸರು ಹಾಕಿದ.

"ನೂರ ಹದಿನಾಲ್ಕು ಯಾರಪ್ಪ ಇದು, ನಿಮ್ಮ ಅಜ್ಜನೋ?" ಓರ್ಲೆಟಾ ಚೀಟಿ ಓದುತ್ತ ಕೇಳಿದಳು.

"ನಮ್ಮಮ್ಮನ ಅಣ್ಣ. ಹಂದಿ ಕದ್ದಿದ್ದ ಅಂತ ಮನೇಲಿ ಹೇಳ್ತಾರೆ."

"ಅಯ್ಯೋ, ಹಂದಿ ಕದಿಯದ ಮಾವ ಯಾರಿಗಿದಾನೆ ಬಿಡಿ. ಬೇಗ ಬಂದ್ರಿ, ಒಳ್ಳೇದಾಯ್ತು. ಬರೋ ತಿಂಗಳಿಂದ ಇದನ್ನೆಲ್ಲ ಕಂಪ್ಯೂಟರಿಗೆ ಹಾಕ್ತಾರಂತೆ. ಆಮೇಲೆ ಮನೇಲೇ ಕೂತು ನೋಡ್ಬೋದು."

ಸರಿಯಾದ ಸಮಯಕ್ಕೆ ಬಂದೆ ಎಂದು ವರ್ಲಿನ್ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ.

ಪೆಟ್ಟಿಗೆ ಬಂತು. ಅವಳು ಕಿಟಕಿಯಾಚೆ ಕೂತು ಸ್ಯಾಂಡ್‌ವಿಚ್ ಬಿಚ್ಚಿದಳು, ಆದರೆ ಕಣ್ಣು ಇತ್ತಲೇ ಇತ್ತು. ಅವನು ಹಂದಿ ಕೇಸನ್ನು ಹರಡಿ ತುಟಿ ಅಲ್ಲಾಡಿಸುತ್ತ ಓದಿದ. ಐದು ನಿಮಿಷ. ಹತ್ತು ನಿಮಿಷ. ಅವಳು ಉಪ್ಪಿನಕಾಯಿ ಸೌತೆಯನ್ನು ಕಟುಕಟು ಕಡಿಯುವುದು ಕೇಳುತ್ತಿತ್ತು. ಕೊನೆಗೆ ಫೋನು ಹೊಡೆದುಕೊಂಡಿತು. ಅವಳು ಕುರ್ಚಿ ತಿರುಗಿಸಿ ಬೆನ್ನು ಕೊಟ್ಟಳು. ನೂರ ಹದಿನೇಳನೆಯ ಕಡತ ಹೊದಿಕೆ ಸಮೇತ ಅಂಗಿಯೊಳಗೆ ಹೋಗಿ ಬೆನ್ನಿಗೆ ಅಂಟಿಕೊಂಡಿತು. ಪೆಟ್ಟಿಗೆಯಲ್ಲಿ ನಂಬರೊಂದು ತಪ್ಪಿದರೆ? ಅದನ್ನೂ ನೋಡಿಕೊಂಡಿದ್ದ. ನೂರ ಹನ್ನೊಂದೂ ಅಲ್ಲಿರಲಿಲ್ಲ, ನೂರ ಇಪ್ಪತ್ತೂ ಇರಲಿಲ್ಲ. ನಲವತ್ತು ವರ್ಷದಲ್ಲಿ ಇಲಿಗೂ ನೀರಿಗೂ ಏನೇನು ಹೋಗಿದೆಯೋ ಲೆಕ್ಕ ಇಟ್ಟವರು ಯಾರು.

"ಸಿಕ್ತಾ ಹಂದಿ?" ಹೊರಡುವಾಗ ಓರ್ಲೆಟಾ ಕೇಳಿದಳು.

"ಎರಡು ಹಂದಿ ಕಣಮ್ಮ. ಮನೇಲಿ ಒಂದು ಅಂತ ಸುಳ್ಳು ಹೇಳಿದಾರೆ."

ಅವಳ ನಗು ಓಣಿಯ ತುದಿಯವರೆಗೂ ಹಿಂಬಾಲಿಸಿತು.

ಮಾರನೆಯ ದಿನ ನಡೀನ್ ಚರ್ಚಿನ ಅಡುಗೆಗೆ ಹೋಗಿದ್ದಾಗ, ಹಿತ್ತಲಿನ ಕಸ ಸುಡುವ ಪೀಪಾಯಿಯ ಬಳಿ ನಿಂತು ಅವನು ಕಡತ ಬಿಚ್ಚಿದ. ಹನ್ನೊಂದು ಹಾಳೆ. ತನ್ನ ಹತ್ತೊಂಬತ್ತರ ಸಹಿ ನೋಡಿ ಒಂದು ಕ್ಷಣ ಕನಿಕರವಾಯಿತು. ಕೊನೆಯ ಹಾಳೆಗಳನ್ನು ಓದಲೂ ಇಲ್ಲ. ಅಲ್ಲಿದ್ದದ್ದು ಅವನಿಗೆ ಬಾಯಿಪಾಠ. ಒಂದೊಂದೇ ಹಾಳೆ ಹಾಕಿ, ಕಾರ್ಡನ್ನೂ ಹಾಕಿ, ಬೆಂಕಿಯ ವಿಷಯ ಬಲ್ಲವನಾದ್ದರಿಂದ ಬೂದಿಯನ್ನು ಕೋಲಿನಿಂದ ಪುಡಿಮಾಡಿ ನೀರು ಸುರಿದು ಕಲಸಿದ. ನಲವತ್ತು ವರ್ಷದ ಹೊರೆ ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಹೊಗೆ ಎಂದುಕೊಂಡ.

ಈಸ್ಟರ್ ಕಳೆದು ಹತ್ತು ದಿನಕ್ಕೆ ಮೊಹರು ಒತ್ತಿದ ಕಾಗದ ಬಂತು. ಓರ್ಲೆಟಾ ಪೀಕ್ ಡ್ರಾಯರು ನೋಡಿದ್ದಳು. ಆ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ. ಟ್ವೈಲಾ ಅದನ್ನು ಸಭೆಯಲ್ಲಿ ಓದುವಾಗ ಡಾಯ್ಲ್‌ನ ಮುಖ ನೋಡಲು ವರ್ಲಿನ್ ಮರೆಯಲಿಲ್ಲ. ಎರಡರ ವಿರುದ್ಧ ಏಳು ಮತದಲ್ಲಿ ಗೆದ್ದ.

ಜೂನ್ ಮೊದಲ ಶನಿವಾರ ಮಧ್ಯಾಹ್ನ, ದಳದ ಅಂಗಳದಲ್ಲಿ ಕ್ಯಾಟ್‌ಫಿಶ್ ಕರಿದು ಊರಿಗೆಲ್ಲ ಊಟ. ಬಿಳಿ ಹೆಲ್ಮೆಟ್ ತಲೆಯ ಮೇಲಿತ್ತು. ನಡೀನ್ ಅದನ್ನು ಎರಡು ಸಲ ನೇರ ಮಾಡಿ, ಜನರೆದುರೇ ಅವನ ಕೆನ್ನೆಗೆ ಮುತ್ತು ಕೊಟ್ಟಳು. ಡಾಯ್ಲ್ ಕೂಡ ತಟ್ಟೆ ಹಿಡಿದು ಬಂದು, "ಸರಿ ಭಾವ, ನೀವೇ ದೊಡ್ಡೋರು," ಎಂದು ಕೈ ಕುಲುಕಿದ. ಆಗ ಕೌಂಟಿಯ ಪೊಲೀಸು ಮುಖ್ಯಸ್ಥನಾದ ಶೆರಿಫನ ಕಚೇರಿಯ ಡೆಪ್ಯುಟಿ ಲಾನಿ ಬರ್ಜ್ ಕಾರಿನಿಂದ ಇಳಿದ. ವರ್ಲಿನ್‌ನ ಜೊತೆ ಹದಿನಾರು ವರ್ಷ ಮೀನು ಹಿಡಿದವನು. ಟೋಪಿ ಕೈಯಲ್ಲಿತ್ತು.

"ಬಾರೋ, ಬಿಸಿಬಿಸಿ ಇದೆ," ಎಂದ ವರ್ಲಿನ್.

"ಮಾರಾಯ, ಸ್ವಲ್ಪ ಆ ಕಡೆ ಬರ್ತೀಯಾ?"

"ಇಲ್ಲೇ ಹೇಳು. ನಮ್ಮೋರೇ ಎಲ್ಲ."

ಲಾನಿ ನಡೀನಳನ್ನು ನೋಡಿ ತಲೆ ತಗ್ಗಿಸಿದ. "ಟಾರ್ಬೆಲ್‌ನೋರು ಹಳೇದನ್ನೆಲ್ಲ ಕಂಪ್ಯೂಟರಿಗೆ ಹಾಕ್ತಾ ಇದಾರೆ. ನಿನ್ನೆ ನಿನ್ನ ಹೆಸರು ಬಂತು. ಕೊಟ್ಟಿಗೆಗೆ ಬೆಂಕಿ ಇಟ್ಟ ಕೇಸು, ಕೋರ್ಟಿಗೆ ಬರದೆ ತಪ್ಪಿಸ್ಕೊಂಡಿದಾನೆ ಅಂತ ವಾರಂಟು. ಎಂಬತ್ಮೂರರದ್ದು. ಇನ್ನೂ ಜಾರೀಲಿದೆ."

 ವರ್ಲಿನ್‌ಗೆ ರೋಷ ಉಕ್ಕಿತು. ಅನ್ಯಾಯಕ್ಕೊಳಗಾದವನ ರೋಷ. "ಯಾವ ವಾರಂಟು? ಅದು ಅವತ್ತೇ ರದ್ದಾಯ್ತು! ತಪ್ಪೊಪ್ಕೊಂಡೆ, ಶಿಕ್ಷೆ ಆಯ್ತು, ಐದ್ ವರ್ಷ ಮುಗಿಸ್ದೆ!"

ಹೇಳಿದ ಮೇಲೆಯೇ ತಾನು ಹೇಳಿದ್ದೇನು ಎಂದು ತಿಳಿದದ್ದು. ನಡೀನಳ ಕೈ ಅವನ ತೋಳಿನಿಂದ ಸರಿಯಿತು.

"ನಾನೂ ಹಾಗೇ ಅಂದ್ಕೊಂಡೆ ಕಣೋ," ಎಂದ ಲಾನಿ, ಅಳುವವನಂತೆ. "ಆ ಕ್ಲರ್ಕಮ್ಮಂಗೆ ಫೋನ್ ಮಾಡಿ ಬೇಡ್ಕೊಂಡೆ. ಪಾಪ, ರಜಾ ದಿನಾನೂ ಬಂದು ಬೆಳಗಿಂದ ಹುಡುಕಿದಾರೆ. ಕಾರ್ಡೂ ಇಲ್ಲ, ಕಡತಾನೂ ಇಲ್ಲ. ಒಂದೇ ಒಂದ್ ಹಾಳೆ ಸಿಕ್ಕಿದ್ರೆ ಸಾಕು, ಇಲ್ಲೇ ಬಿಟ್ಟು ಮೀನು ತಿನ್ಕೊಂಡ್ ಹೋಗ್ತಿದ್ದೆ. ನಿನ್ ಹತ್ರ ಪ್ರತಿ ಇದ್ಯಾ?"

ವರ್ಲಿನ್‌ಗೆ ತಿಳಿಯದೆ ಹೋದದ್ದು ಒಂದೇ. ಓರ್ಲೆಟಾಳ ಕಿಟಕಿ, ಡ್ರಾಯರು, ನೆಲಮಾಳಿಗೆ ಇವಿಷ್ಟೇ ಕೋರ್ಟು ಎಂದು ಅವನು ತಿಳಿದಿದ್ದ. ಮಹಡಿಯ ಮೇಲೆ ನ್ಯಾಯಾಧೀಶರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಪ್ರತಿ ವರ್ಷದ್ದೂ ಒಂದೊಂದು ದಪ್ಪ ಪುಸ್ತಕವಿತ್ತು. ಪ್ರತಿ ಕೇಸಿನಲ್ಲೂ ಕೋರ್ಟು ಇಟ್ಟ ಹೆಜ್ಜೆಗಳನ್ನು ಬರೆಯುವ ಪುಸ್ತಕ. ಕಂಪ್ಯೂಟರಿಗೆ ಹತ್ತಿಸುವವರು ಕಾರ್ಡು ಮುಟ್ಟದೆ ಇದರಿಂದಲೇ ಶುರುಮಾಡಿದ್ದರು. ಎಂಬತ್ತಮೂರರಲ್ಲಿ ಅದನ್ನು ಬರೆಯುತ್ತಿದ್ದ ಕ್ರ್ಯಾಂಡಲ್ ವಾಸ್ ಎಂಬ ಸೋಮಾರಿ ಕ್ಲರ್ಕು ವಾರಂಟು ಹೊರಟರೆ ಶೆರಿಫನ ಭಯಕ್ಕೆ ಅದೇ ದಿನ ಬರೆಯುತ್ತಿದ್ದ, ತೀರ್ಪಾದರೆ ಹೇಗೂ ಕಡತದಲ್ಲಿದೆಯಲ್ಲ ಎಂದು ಜಾಗ ಖಾಲಿ ಬಿಡುತ್ತಿದ್ದ. ಆ ವಸಂತದಲ್ಲಿ ಹೊಳೆ ಉಕ್ಕಿ ಸೇತುವೆ ಮುಳುಗಿ ವರ್ಲಿನ್ ಕೋರ್ಟಿಗೆ ಮೂರು ದಿನ ತಡವಾಗಿ ಹೋಗಿದ್ದ. ಮೊದಲ ದಿನವೇ ವಾರಂಟು ಪುಸ್ತಕಕ್ಕೆ ಬಿದ್ದಿತ್ತು. ಅದನ್ನು ರದ್ದುಮಾಡಿದ್ದು, ತಪ್ಪೊಪ್ಪಿಗೆ, ಶಿಕ್ಷೆ, ಬಿಡುಗಡೆ ಎಲ್ಲವೂ ಇದ್ದದ್ದು ಹನ್ನೊಂದು ಹಾಳೆಗಳಲ್ಲಿ ಮಾತ್ರ. ಆ ನ್ಯಾಯಾಧೀಶನಾಗಲಿ ಶೆರಿಫನಾಗಲಿ ವಾಸ್ ಆಗಲಿ ಈಗ ಬದುಕಿಲ್ಲ. "ವರ್ಲಿನ್, ಅವನು ಕೇಳ್ತಿದಾನಲ್ಲ, ಆ ಕಾಗದ ಎಲ್ಲಿದೆ ಹೇಳಿ," ಎಂದಳು ನಡೀನ್. ಅವನು ಬಿಳಿ ಹೆಲ್ಮೆಟ್ ತೆಗೆದು ಮೀನಿನ ತಟ್ಟೆಗಳ ಪಕ್ಕ ಇಟ್ಟು, ಲಾನಿಯ ಮುಂದೆ ಎರಡೂ ಕೈ ಚಾಚಿದ.