ತಾನಾಗಿಯೇ ಬದಲಾದ ಪುಟ

"ಮಲ್ಲಿಕಾ ಅಂದ್ರ ಯಾರ್ರೀ ಇಲ್ಲೆ?"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಹಾನಗಲ್ಲಿನ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಒಳನುಗ್ಗಿ ಬಂದವನ ಕಣ್ಣುಗಳು ಕೆಂಡದಂತಿದ್ದವು. ಅಂಗಿಯ ಮೇಲೆ ಒಣಗಿದ ವಾಂತಿಯ ಕಲೆ.

ಮಲ್ಲಿಕಾ ನಿಧಾನವಾಗಿ ಎದ್ದು ನಿಂತಳು.

"ನಾ... ನಾನ್ರೀ."

"ನಾ ಧೀರೇಂದ್ರ. ಸವಣೂರು."

 ತಿಂಗಳುಗಟ್ಟಲೆ ಬರೀ ಮೆಸೇಜಿನಲ್ಲಿ ಬಲ್ಲ ಹೆಸರು. ಸವಣೂರಿನ ಆಂಬುಲೆನ್ಸ್ ಆ್ಯಪ್ ಬರೆಯುವ ಹುಡುಗ. ಕೆಲಸದ ಪ್ರಶ್ನೆ ಕೇಳಿ, ಕೊನೆಗೆ 'ಊಟ ಆತೇನ್ರಿ?' ಎಂದು ಸೇರಿಸುತ್ತಿದ್ದವನು. ಆ ಒಂದು ಸಾಲಿಗೆ ಉತ್ತರ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಬರೀ 'ಹೂಂರಿ' ಎಂದು ಕಳಿಸುತ್ತಿದ್ದಳು ಅವಳು.

ಇವರನ್ನು ಮೊದಲ ಸಲ ಹೀಗೆ ನೋಡಬೇಕಿತ್ತೇ, ದೇವರೇ...?

ಧೀರೇಂದ್ರ ಒಂದು ಪ್ರಿಂಟ್ ಹಾಳೆಯನ್ನು ಅವಳ ಕೀಬೋರ್ಡಿನ ಮೇಲೆ ಎಸೆದ.

"ಓದ್ರಿ. ಎಲ್ಲಾರಿಗೂ ಕೇಳಿಸೂ ಹಂಗ ಓದ್ರಿ!"

"ಸ್ಟಾಕ್... ದವಾಖಾನೆಯಲ್ಲಿ ಈಗ ಇರುವ ಇಂಜೆಕ್ಷನ್‌ಗಳ ಸಂಖ್ಯೆ..."

"ಈಗ ಇರುವ! ಹೌದಲ್ರೀ? ನಿನ್ನೆ ಹತ್ತಿಮತ್ತೂರಾಗ ಯಂಕವ್ವ ಅಂತ, ಹುಲ್ಲು ಕೊಯ್ಲಿಕ್ಕೆ ಹೋದಾಕಿಗೆ ಹಾವು ಕಡೀತು. ಹತ್ತರದ ದವಾಖಾನ್ಯಾಗ ಆರು ಇಂಜೆಕ್ಷನ್ ಅವ ಅಂತ ನನ್ನ ಆ್ಯಪ್ ತೋರಿಸ್ತು. ನಮ್ಮ ಡ್ರೈವರ್ ಮುಸ್ತಾಕಣ್ಣ ಗಾಡಿ ಹಾರಿಸ್ಕೊಂಡು ಹೋದ. ಆ್ಯಪ್ ಹೆಂಗ ನಡೀತದ ನೋಡ್ಲಿಕ್ಕೆ ನಾನೂ ಗಾಡ್ಯಾಗ ಇದ್ದೆ. ಹೋಗಿ ಕೇಳಿದ್ರ, ಒಂದೂ ಇಲ್ಲ! ಬೇಡಿಕಿ ಕಳಿಸ್ಯಾರಂತ, ಇನ್ನೂ ಬಂದಿಲ್ಲಂತ! ಅಲ್ಲಿಂದ ಹಾವೇರಿ ಕಡೆ ತಿರುಗಿದ್ವಿ..."

ಅವನ ಧ್ವನಿ ಒಡೆಯಿತು.

"ದಾರ್ಯಾಗ... ನನ್ನ ತೊಡಿ ಮ್ಯಾಲ ಜೀವ ಬಿಟ್ಲು."

ಅವನು ಆ ಹಾಳೆಗೆ ಬೆರಳು ಕುಟ್ಟಿದ.

"ಇನ್ನೂ ಬರದ್ದನ್ನೂ ಸೇರಿಸಿ ಲೆಕ್ಕ ಬದಲಾಯಿಸೀರಿ. ಪುಟದಾಗ ಒಂದಕ್ಷರ ಬದಲಾಯಿಸಿಲ್ಲ. ಕೊಂದ್ರಿ ನೀವು ಆಕೀನ್ನ!"

ಮಲ್ಲಿಕಾಳ ಕಣ್ಣು ಆ ಹಾಳೆಯ ತುದಿಗೆ ಹೋಯಿತು. ಅಲ್ಲಿದ್ದ ತಾರೀಖು ಹಿಂದಿನ ವಾರದ್ದು!

ಅವಳ ಕೆಲಸವೇ ಅದು. ಹಳ್ಳಿ ದವಾಖಾನೆಗಳ ಔಷಧದ ಲೆಕ್ಕವನ್ನು ಬೇರೆ ಆ್ಯಪ್‌ಗಳಿಗೆ ಒದಗಿಸುವ ಎಪಿಐ ಬರೆಯುವುದು. ಯಾವ ಹೆಸರಿನಲ್ಲಿ ಏನು ಸಿಗುತ್ತದೆ ಎಂದು ಕೋಡಿನ ಮೇಲ್ಭಾಗದಲ್ಲೇ ಎರಡು ಸಾಲು ಬರೆದಿಡುತ್ತಿದ್ದಳು. ಸಾಫ್ಟ್‌ವೇರ್ ತಿದ್ದಿದ ಕೋಡಿನಿಂದ ಹೊಸದಾಗಿ ಸಿದ್ಧವಾದಾಗಲೆಲ್ಲ, ಅಂದರೆ ಬಿಲ್ಡ್ ಆದಾಗಲೆಲ್ಲ, ಆ ಸಾಲುಗಳು ತಾವಾಗಿಯೇ ಸೇರಿ ವಿವರಣೆಯ ವೆಬ್ ಪುಟವಾಗುತ್ತಿದ್ದವು. ಆ ಏರ್ಪಾಡನ್ನು ಮಾಡಿದವಳೂ ಅವಳೇ. ಯಾರಿಗೂ ಫೋನ್ ಮಾಡುವ, ಯಾರೆದುರೂ ಬಾಯಿ ಬಿಡುವ ಗೋಜಿಲ್ಲ. ಪುಟವೇ ಮಾತಾಡುತ್ತದೆ!

ಈ ವಾರ ಮಾಲೀಕ ರಾಘಣ್ಣ, "ಬರೋ ಸ್ಟಾಕೂ ಅದರಾಗ ಸೇರಿಸಿಬಿಡು. 'ಸ್ಟಾಕ್' ಅನ್ನೂ ಹೆಸರು ಹಂಗ ಇರಲಿ" ಎಂದಿದ್ದರು. ಸೇರಿಸಿದ್ದಳು. ಆ ಎರಡು ಸಾಲನ್ನೂ ತಿದ್ದಿದ್ದಳು. ಬಿಲ್ಡ್ ಆಗಿತ್ತು, ಪುಟ ಬದಲಾಗಿತ್ತು.

ಧೀರೇಂದ್ರ ಹಳೆಯ ಪ್ರಿಂಟನ್ನೇ ನಂಬಿಕೊಂಡಿದ್ದ.

'ಪುಟ ತಿದ್ದಿಯಾಗಿತ್ತು, ನೀವು ನೋಡಲಿಲ್ಲ...' ಇಷ್ಟು ಹೇಳಿದರೆ ಸಾಕಿತ್ತು.

ಆದರೆ ಅವಳ ಕಣ್ಣಿಗೆ ಅವನ ಮುಂಗೈ ಬಿತ್ತು. ಅಲ್ಲಿ ಉಗುರು ಊರಿದ ಗುರುತುಗಳು. ಸಾಯುವವಳು ಹಿಡಿದುಕೊಂಡಿದ್ದ ಕೈ...

ಮಲ್ಲಿಕಾ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಒಳಗಿನಿಂದ ರಾಘಣ್ಣ ಓಡಿಬಂದರು. "ತಪ್ಪಾಗ್ಯದ್ರಿ, ತಪ್ಪಾಗ್ಯದ. ಹುಡುಗಿ ಹೊಸಾಕಿ. ಇವತ್ತೇ ಕೆಲಸದಿಂದ ತಗದೆ, ಆತಲ್ಲ?"

ಅವಳು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಳು. ಹಿಂದಿನಿಂದ ಯಾರೂ ಕರೆಯಲಿಲ್ಲ.

*

ದುಂಡಸಿಯ ಮನೆಯಲ್ಲಿ ಅವ್ವ ನೀಲಾ ಮಗಳ ಮುಂದೆ ತಾಟು ಇಟ್ಟು ಸಾಕಾಗಿದ್ದಳು.

"ರೊಟ್ಟಿ ಮುರದು ಮುರದು ಇಡಾಕತ್ತೀಯಲ್ಲ, ಗುಬ್ಬಿಗೆ ಹಾಕ್ತೀಯೇನು? ಬಾಯಿ ತಗದು ಹೇಳಬಾರದ? ಸಣ್ಣಾಕಿದ್ದಾಗ್ಲೂ ಹಿಂಗ. ಚೇಳು ಕಡದ್ರೂ ಮೂಲ್ಯಾಗ ಕುಂತಿರ್ತಿದ್ದಿ!"

ಮಲ್ಲಿಕಾ ರೊಟ್ಟಿಯ ಇನ್ನೊಂದು ಚೂರು ಮುರಿದಳು. ಕಣ್ಣು ಮುಚ್ಚಿದರೆ ನೋಡಿಯೇ ಇರದ ಯಂಕವ್ವ ಬರುತ್ತಿದ್ದಳು. ಕಣ್ಣು ತೆರೆದರೆ ಆ ಮುಂಗೈ.

ಒಂದು ದಿನ ಶಿಗ್ಗಾವಿ ಬಸ್ಸಿನಿಂದ ಇಳಿದು, ಮನೆ ಕೇಳಿಕೊಂಡು, ಅವನೇ ಬಂದು ಬಾಗಿಲಲ್ಲಿ ನಿಂತ.

ಅವಳ ಕೈಯಲ್ಲಿದ್ದ ಮೊರ ಜಾರಿ ಜೋಳ ಚೆಲ್ಲಿತು!

"ಯಾರ್ರೀ ನೀವು?" ಎಂದಳು ಅವ್ವ.

"ಧೀರೇಂದ್ರ ಅಂತ್ರಿ, ಸವಣೂರು. ಆಚಾರ್ರ ಓಣಿ."

"ಆಚಾರ್ರೇನು? ನಮ್ಮ ಮನಿ ಚಾ ನಡೀತೈತೇನ್ರಿ ನಿಮಗ?"

"ಎರಡು ಕಪ್ ನಡೀತದ್ರಿ. ಮುಂಜಾನಿಂದ ಹೊಟ್ಟಿಗೇನೂ ಹಾಕ್ಕೊಂಡಿಲ್ಲ."

ಅವ್ವ ಮಗಳ ಮುಖವನ್ನೂ ಹುಡುಗನ ಮುಖವನ್ನೂ ನೋಡಿ ಸುಮ್ಮನೆ ಒಳಗೆ ನಡೆದಳು.

"ದವಾಖಾನಿ ನಡಸೋ ಟ್ರಸ್ಟಿಗೆ ನಿಮ್ಮ ಮ್ಯಾಲ ದೂರು ಬರೀಲಿಕ್ಕೆ ಕೂತಿದ್ದೆ," ಧೀರೇಂದ್ರ ಮೆಲ್ಲಗೆ ಹೇಳಿದ. "ಜೋಡಿ ಹಚ್ಚಲಿಕ್ಕೆ ಹೊಸಾ ಪ್ರಿಂಟ್ ಬೇಕಾಗಿತ್ತು. ಪುಟ ತಗದೆ. 'ಇನ್ನೂ ಬರಬೇಕಾದ ಸ್ಟಾಕ್ ಸೇರಿದೆ' ಅಂತ ಚೊಕ್ಕ ಬರದೀರಿ! ಆಕಿ ಸಾಯೋದಕ್ಕಿಂತ ಮದಲ ಬರದೀರಿ. ನೋಡದವ ನಾನು."

ಮಲ್ಲಿಕಾ ಚೆಲ್ಲಿದ ಜೋಳವನ್ನು ಮೊರಕ್ಕೆ ಬಳಿಯತೊಡಗಿದಳು.

"ಯಾಕ ಹೇಳಲಿಲ್ರೀ ಅವತ್ತು?"

"ನಿಮ್ಮ ತೊಡಿ ಮ್ಯಾಲ ಸತ್ತಾಕಿ... ನಿಮ್ಮಿಂದನ ಸತ್ಲು ಅಂತ ಹೆಂಗ ಹೇಳ್ಲಿ?"

"ಆ ಹಕ್ಕು ನಿಮಗ ಯಾರು ಕೊಟ್ರು?" ಅವನ ಧ್ವನಿ ಏರಿತು. "ನನ್ನ ಪಾಪಾ ನೀವ್ಯಾಕ ಹೊರಬೇಕು? ನಾ ಎಲ್ಲಾರ ಮುಂದ ನಿಮ್ಮನ್ನ ಕೊಲೆಗಾರ್ತಿ ಅಂದೆ!"

"ಪಾಪ ನಂದೂ ಐತ್ರಿ!"

ಅವಳ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ಅವಳಿಗೇ ಆಶ್ಚರ್ಯ.

"ನಿಮಗೊಂದು ಫೋನ್ ಮಾಡಿದ್ರ ಸಾಕಿತ್ತು. ಲೆಕ್ಕ ಬದಲಾಗೈತಿ ಅಂತ ಒಂದು ಮಾತು. ಬೆರಳು ನಿಮ್ಮ ನಂಬರ್ ಮ್ಯಾಲ ಇಟ್ಟಿದ್ದೆ. ಒತ್ತಲಿಲ್ಲ. ಪುಟ ತಾನ ಬದಲಾಗೈತಲ್ಲ, ನೋಡ್ತಾರ, ಅಂತ ಸುಮ್ಮನಾದೆ."

"ಯಾಕ?"

ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯತೊಡಗಿತು.

"ಯಾಕಂದ್ರ... ನಿಮ್ಮ ದನಿ ಕೇಳಿದ್ರ ನನಗ ಮಾತ ಬರೂದಿಲ್ಲ ಅಂತ ಗೊತ್ತಿತ್ತು. ನೀವು ಅಂದ್ರ ನನಗ ಅಷ್ಟು... ಅಷ್ಟು ಮನಸ್ಸಿತ್ರಿ. ನನ್ನ ನಾಚಿಕಿಗೆ ಒಂದು ಜೀವ ಹೋತು!"

ಧೀರೇಂದ್ರ ಗೋಡೆಗೊರಗಿದ. ಯಾವ ಹುಡುಗನಾದರೂ ಹಿಗ್ಗಬೇಕಾದ ಮಾತದು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಆಮೇಲೆ ಕೈ ತೆಗೆದು ಕೇಳಿದ, "ನಾ ಹತ್ತಿಮತ್ತೂರಿಗೆ ಹೊಂಟೀನಿ. ಯಂಕವ್ವನ ಗಂಡಗ ಹೇಳಬೇಕು. ಬರ್ತೀರೇನು?"

"ಬರ್ತೇನಿ."

*

ಯಂಕವ್ವನ ಗಂಡ ಹೊಳಬಸಪ್ಪ ಅಂಗಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ. ಇಬ್ಬರಿಗೂ ಕುಳ್ಳಿರಿ ಎನ್ನಲಿಲ್ಲ. ಧೀರೇಂದ್ರ ಹೇಳಿದ. ಅವನು ತಡವರಿಸಿದಲ್ಲಿ ಮಲ್ಲಿಕಾ ಹೇಳಿದಳು. ಲೆಕ್ಕ ಬದಲಾದದ್ದು, ಪ್ರಿಂಟು, ಮಾಡದ ಫೋನು, ಎಲ್ಲ.

"ಅಂದ್ರ... ಹಾವೇರಿಗೆ ಸೀದಾ ಹೋಗಿದ್ರ ಉಳೀತಿದ್ಲೇನು?"

ಧೀರೇಂದ್ರ ಅವನ ಮುಖ ನೋಡಿ ಹೇಳಿದ, "ಉಳೀಬಹುದಿತ್ರಿ."

ಹೊಳಬಸಪ್ಪ ನೀರಿನ ಚರಿಗೆ ಹಿಡಿದೇ ಅವರತ್ತ ಒಂದು ಹೆಜ್ಜೆ ಬಂದ. ಹೊಡೆದೇಬಿಡುತ್ತಾನೆ ಎಂದುಕೊಂಡಳು ಮಲ್ಲಿಕಾ. ಹೊಡೆಯಲಿ ಎಂದೂ ಅನ್ನಿಸಿತು.

"ನೀ ಜೋಡಿಗಿದ್ದೆಲ್ಲ, ತಮ್ಮಾ. ಕಡೀಕ ಏನರ ಅಂದ್ಲೇನು?"

"ಎಮ್ಮಿಗೆ ನೀರು ಕುಡಿಸಿಲ್ಲ ಅಂದ್ಲು."

ಹೊಳಬಸಪ್ಪ ಎಮ್ಮೆಯ ಬೆನ್ನ ಮೇಲೆ ಹಣೆಯಿಟ್ಟ. 

"ಹೋಗ್ರಿ," ಎಂದ, ಮುಖ ಎತ್ತದೆ. "ಹೇಳಾಕ ಬಂದ್ರಿ, ಹೇಳಿದ್ರಿ. ಮತ್ತ ಈ ಕಡೆ ಬರಬ್ಯಾಡ್ರಿ."

ಕ್ಷಮೆ ಸಿಗಲಿಲ್ಲ. ಕೇಳುವ ಧೈರ್ಯವೂ ಇಬ್ಬರಿಗೂ ಇರಲಿಲ್ಲ.

ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತರು. ಮಲ್ಲಿಕಾ ಫೋನ್ ತೆಗೆದಳು. ಈ ಸಲ ನಂಬರ್ ಒತ್ತಿಯೇಬಿಟ್ಟಳು.

"ರಾಘಣ್ಣಾವ್ರ, ಮಲ್ಲಿಕಾ ಮಾತಾಡಾಕತ್ತೇನಿ. ಇರೋ ಸ್ಟಾಕು, ಬರೋ ಸ್ಟಾಕು ಬ್ಯಾರೆ ಬ್ಯಾರೆ ಹೆಸರಿಗೆ ಹಾಕಸ್ರಿ. ಇವತ್ತ. ಹಾಕಸದಿದ್ರ ಟ್ರಸ್ಟಿನವರ ಮುಂದ ನಾನ ಹೋಗಿ ನಿಂದರ್ತೇನಿ... ಇಲ್ರಿ, ಕೆಲಸಾ ಕೇಳಾಕ ಫೋನ್ ಮಾಡಿಲ್ಲ."

ಧೀರೇಂದ್ರ ಅವಳನ್ನೇ ನೋಡುತ್ತಿದ್ದ.

"ಮಲ್ಲಿಕಾ..."

"ಹೂಂ?"

"ನಿಮ್ಮ ಮೆಸೇಜಿಗೆ ನಾನೂ ಕಾಯ್ತಿದ್ದೆ. ಕೆಲಸದ ಪ್ರಶ್ನಿ ಅರ್ಧಕ್ಕರ್ಧ ಸುಳ್ಳು. ಉತ್ತರ ನನಗ ಗೊತ್ತಿರ್ತಿತ್ತು." ಅವನು ತನ್ನ ಮುಂಗೈ ನೋಡಿಕೊಂಡ. "ಆದ್ರ ಈಗ ನಿಮ್ಮನ್ನ ನೋಡಿದಾಗೆಲ್ಲ ಆಕಿ ನೆನಪಾಗ್ತಾಳ."

"ನನಗೂ."

"ಜೀವನಪೂರ್ತಿ ನೆನಪಾಗ್ತಾಳ."

"ಗೊತ್ತೈತಿ."

ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ಅವನು ಕೈ ಚಾಚಿದ. ಮುಂಗೈಯ ಗುರುತುಗಳು ಇನ್ನೂ ಪೂರ್ತಿ ಮಾಸಿರಲಿಲ್ಲ.

"ಹಂಗಿದ್ರೂ... ನನ್ನ ಜೋಡಿ ಇರ್ತೀಯೇನು?"

ಮಲ್ಲಿಕಾ ಆ ಗುರುತುಗಳ ಮೇಲೆಯೇ ತನ್ನ ಅಂಗೈ ಇಟ್ಟಳು.

"ಹಂಗಿದ್ರೂ ಇರ್ತೇನಿ, ಧೀರೇಂದ್ರ."